ಬಡ್ತಿ ಬರಲಿ, ಮದ್ದಲೆ ಯಾಕೆ ಬಿಟ್ಟಿರಿ?

ಸಿಂಧನೂರಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ತಿರುಳು ಇಷ್ಟು:

"ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆದಾಗ, ಎಫ್‌ಡಿಎ (ಪ್ರಥಮ ದರ್ಜೆ) ಆದರೆ ಸಾಕು ಅನಿಸಿತ್ತು. ಅದೂ ಆಯಿತು. ಖುಷಿ ಒಂದು ವಾರ ಉಳಿಯಲಿಲ್ಲ. ಈಗ ಕೆಎಎಸ್‌ಗೆ ಓದುತ್ತಿದ್ದೇನೆ. ಮಗಳು ಪಕ್ಕಕ್ಕೆ ಬಂದು ಕೂತರೆ 'ಪರೀಕ್ಷೆ ಮುಗೀಲಿ ತಾಳು' ಅಂತೀನಿ. ಹೋದ ಸಂಚಿಕೆಯಲ್ಲಿ ನೀವು, ಸುಖ ಇರುವುದು ದಾರಿಯಲ್ಲಿ, ಊರು ಮುಟ್ಟುವುದರಲ್ಲಲ್ಲ ಅಂತ ಬರೆದಿದ್ದಿರಿ. ಇದು ಹೊಟ್ಟೆ ತುಂಬಿದವರ ಮಾತಲ್ಲವೇ?"

ಚೆನ್ನಾಗಿ ಕುಟುಕಿದ್ದೀರಿ. ಮೊದಲು ನಿಮ್ಮ ಕಡೆಯ ಮಾತು ಹೇಳಿಬಿಡುತ್ತೇನೆ. ನನ್ನದು ಶುರುವಾದರೆ ಬೇಗ ನಿಲ್ಲುವುದಿಲ್ಲ. ನಮ್ಮ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಸರ್ಕಾರಿ ನೌಕರಿ ಅಂದರೆ ಶೋಕಿಯಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು ಬೆಂಗಳೂರಿಗೆ ಗುಳೆ ಹೋಗುವುದನ್ನು ಕಂಡವರಿಗೆ ತಿಂಗಳ ಸಂಬಳದ ಬೆಲೆ ಗೊತ್ತು. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ನಮ್ಮ ಹುಡುಗರಿಗೆ ನೌಕರಿಯ ಬಾಗಿಲು ಸ್ವಲ್ಪ ತೆರೆಯಿತು. ಓದಿ, ಬಡ್ತಿ ತಗೊಳ್ಳಿ. ಯಾರು ಬೇಡ ಅಂದರು?

ಆದರೆ ಆ 'ಹೊಟ್ಟೆ ತುಂಬಿದವರು' ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ನಿಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಬಸವಣ್ಣನ ಕಲ್ಯಾಣಕ್ಕೆ ಹೋದ ಶರಣ ಗಂಡ ಹೆಂಡತಿಯ ಕಥೆ ಗೊತ್ತಲ್ವಾ? ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ನೆಲಕ್ಕೆ ಚೆಲ್ಲಿದ ಅಕ್ಕಿ ಆರಿಸಿ ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ನಮ್ಮ ಮನೆಯಲ್ಲಾದರೆ ಅವತ್ತು ಪಾಯಸ. ಲಕ್ಕಮ್ಮ ಬೈದಳು. ಇಷ್ಟೊಂದು ಆಸೆ ನಿಮಗೇಕೆ, ಹೋಗಿ ಅಲ್ಲೇ ಸುರಿದು ಬನ್ನಿ ಅಂದಳು. ಬಗ್ಗಿ ಕಾಳು ಕಾಳು ಆರಿಸಿದವರು ಹೊಟ್ಟೆ ತುಂಬಿದವರಾ? ಅವರು ನಾಳೆಯ ಮೂಟೆಗಾಗಿ ಇವತ್ತನ್ನು ಅಡ ಇಡಲಿಲ್ಲ, ಅಷ್ಟೇ. ಈಗ 'ಕಾಯಕವೇ ಕೈಲಾಸ' ಅಂತ ಆಫೀಸಿನ ಗೋಡೆಗೆ ಬರೆಸಿದ್ದೇವೆ. ಅದರ ಕೆಳಗೇ ಕೂತು ಸೀನಿಯಾರಿಟಿ ಲಿಸ್ಟ್ ನೋಡುತ್ತೇವೆ.

ಶರಣರ ಮಾತು ಹಳೆಯದು ಅನ್ನುವುದಾದರೆ ಅಮೆರಿಕಕ್ಕೆ ಹೋಗೋಣ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಮತ್ತವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡ ಲಾಟರಿ ಹೊಡೆದ 22 ಜನರನ್ನು ಮಾತಾಡಿಸಿದ್ದರು. ಲಾಟರಿ ಹೊಡೆಯದ ಮಂದಿಗಿಂತ ಅವರೇನೂ ಅಂಥ ಸುಖವಾಗಿರಲಿಲ್ಲ. ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿ, ಇಂಥವುಗಳ ಖುಷಿಯಂತೂ ಅವರಿಗೆ ಉಳಿದವರಿಗಿಂತ ಕಡಿಮೆಯೇ ಇತ್ತು. ಆ ಪಟ್ಟಿಯಲ್ಲಿ ಮ್ಯಾಗಜಿನ್ ಓದುವುದೂ ಇತ್ತು. ಸಂಪಾದಕನಾದ ನನಗೆ ಅದು ಸ್ವಲ್ಪ ಚುಚ್ಚಿತು. 22 ಜನ ಏನು ಲೆಕ್ಕ ಅಂತೀರಾ? ಸರಿ, ನಿಮ್ಮನ್ನೂ ಸೇರಿಸಿದರೆ 23.

ಈಗ ನಿಮಗೆ ನೇರವಾಗಿ ಒಂದು ಮಾತು. ಪತ್ರದ ಎರಡನೇ ಪುಟದಲ್ಲಿ, ಅಂಚಿಗೆ ಒತ್ತಿ, ಅರ್ಧ ಸಾಲು ಬರೆದಿದ್ದೀರಿ: "ಮೊದಲು ಊರ ಬಯಲಾಟಕ್ಕೆ ಮದ್ದಲೆ ನುಡಿಸ್ತಿದ್ದೆ, ಈಗ ಟೈಮಿಲ್ಲ." ಅಲ್ರೀ, ಪರೀಕ್ಷೆಗಳ ಪುರಾಣಕ್ಕೆ ಒಂದೂಮುಕ್ಕಾಲು ಪುಟ, ಮದ್ದಲೆಗೆ ಅರ್ಧ ಸಾಲಾ?

ಬಯಲಾಟ ಹೇಗೆ ಆಗುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಆಟ ಒಂದೇ ರಾತ್ರಿ. ತಾಲೀಮು ತಿಂಗಳುಗಟ್ಟಲೆ. ಹೊಲದಿಂದ ಬಂದು, ಉಂಡು, ಗುಡಿ ಮುಂದೆ ಸೇರುತ್ತಾರೆ. ಅದೇ ಪದ ಮತ್ತೆ ಮತ್ತೆ. ಭೀಮನ ಪಾತ್ರದವನು ತಾಳ ತಪ್ಪಿದರೆ ಮಾಸ್ತರು ಬೈಯುತ್ತಾರೆ, ಕಟ್ಟೆ ಮೇಲಿನ ಹುಡುಗರು ನಗುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ. ಆಟದ ರಾತ್ರಿ ಮಳೆ ಬಂದು ಕೆಟ್ಟರೂ ಆ ತಿಂಗಳುಗಳನ್ನು ಯಾರೂ ವಾಪಸ್ ಕೇಳುವುದಿಲ್ಲ. ನೀವು ಬರೀ ಆಟದ ರಾತ್ರಿಗೆ ಕಾಯುತ್ತಾ ತಾಲೀಮನ್ನೆಲ್ಲ ಕಣ್ಣುಮುಚ್ಚಿ ದಾಟುತ್ತಿದ್ದೀರಿ.

ನೌಕರಿ ಜೊತೆ ಇದೆಲ್ಲ ಆಗಲ್ಲ ಅನ್ನಬೇಡಿ. ಬಳ್ಳಾರಿ ರಾಘವ (1880–1946) ವಕೀಲಿಕೆ ಮಾಡುತ್ತಲೇ ಬಣ್ಣ ಹಚ್ಚಿದವರು. ಅವರು ಗೆದ್ದ ಕೇಸುಗಳು ಇವತ್ತು ಯಾರಿಗೆ ನೆನಪಿವೆ? ಬಳ್ಳಾರಿಯಲ್ಲಿ ಅವರ ಹೆಸರು ನಿಂತಿರುವುದು ಕಲಾಮಂದಿರದ ಮೇಲೆ. ಕೊಪ್ಪಳ ಜಿಲ್ಲೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ದೊಡ್ಡ ಅಧಿಕಾರಿಯಾಗಿದ್ದೇ ಕವಿತೆ ಬರೆದರು.

ಹಾಗಂತ ತಪ್ಪು ನಿಮ್ಮೊಬ್ಬರದೇ ಅಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆ ಎಷ್ಟನೇ ಸ್ಥಾನ ಅಂತ ಗದ್ದಲ. ಆ ಮಕ್ಕಳು ವರ್ಷವಿಡೀ ಏನು ಕಲಿತರು, ಯಾವ ಪಾಠ ಇಷ್ಟಪಟ್ಟರು, ಕೇಳುವವರಿಲ್ಲ. ಹೆಣ್ಣು ನೋಡಲು ಹೋದರೆ ಮೊದಲ ಪ್ರಶ್ನೆ 'ಹುಡುಗ ಪರ್ಮನೆಂಟಾ?' ಹುಡುಗ ನಗುತ್ತಾನಾ ಅಂತ ಒಬ್ಬರಾದರೂ ಕೇಳಿದ್ದುಂಟಾ? ಇನ್ನು ಸರ್ಕಲ್ಲಿನ ಫ್ಲೆಕ್ಸುಗಳು. ಬಡ್ತಿಗೆ ಫ್ಲೆಕ್ಸ್, ವರ್ಗಾವಣೆಗೆ ಫ್ಲೆಕ್ಸ್, ಪಿಎಸ್‌ಐ ಪರೀಕ್ಷೆಯ ಲಿಸ್ಟ್ ಬರುವ ಮೊದಲೇ 'ಭಾವಿ ಪಿಎಸ್‌ಐ' ಅಂತ ಫ್ಲೆಕ್ಸ್. ಮೂವತ್ತು ವರ್ಷ ಚೆನ್ನಾಗಿ ಪಾಠ ಮಾಡಿದ ಮೇಷ್ಟ್ರಿಗೆ ಮೊದಲ ಶಾಲು ಸಿಗುವುದು ನಿವೃತ್ತಿಯ ದಿನ, ಅದೂ ಅವರ ಹೆಸರು ತಪ್ಪಾಗಿ ಹೇಳುವ ಅತಿಥಿಯ ಕೈಯಿಂದ.

ನಮ್ಮ ಪತ್ರಿಕೆಗೂ ತಿಂಗಳಿಗೊಂದು ಕಟ್ಟು ಬಡ್ತಿ ಫೋಟೊ ಬರುತ್ತವೆ, 'ಸಾಧಕರು' ಅಂತ ಹಾಕಿ ಎಂಬ ಚೀಟಿ ಸಮೇತ. ಹಾಕುವುದನ್ನು ನಿಲ್ಲಿಸಿದ್ದೇವೆ. ಆ ಸಿಟ್ಟಿಗೆ ಒಬ್ಬರು ಜಾಹೀರಾತು ಕೊಡುವುದನ್ನೂ ನಿಲ್ಲಿಸಿದ್ದಾರೆ. ನಿಲ್ಲಿಸಲಿ.