ಮಂಟಪದಲ್ಲಿ ಬೆಂಕಿ ಬಿದ್ದಾಗ ಬಾಗಿಲ ಬಳಿ ಯಾರು ನಿಲ್ಲಬೇಕು?

ಪ್ರಶ್ನೆ: ನಮ್ಮ ಕಲ್ಯಾಣ ಮಂಟಪದಲ್ಲಿ ಮದುವೆಗೆ 700–800 ಜನ ಸೇರುತ್ತಾರೆ. ಊಟದ ಹಾಲ್ ಮಹಡಿಯಲ್ಲಿದೆ. ಕಾಯಂ ಸಿಬ್ಬಂದಿ ಆರೇ ಜನ. ಬಡಿಸುವವರು, ಡೆಕೊರೇಷನ್‌ನವರು ಪ್ರತಿ ಸಲ ಬೇರೆ. ಬೆಂಕಿ ಬಿದ್ದರೆ ಜನರನ್ನು ಹೊರಗೆ ಕಳಿಸಲು ಇವರನ್ನು ಹೇಗೆ ತಯಾರು ಮಾಡಲಿ?
– ಮಂಟಪದ ಮ್ಯಾನೇಜರ್, ಹಾಸನ

ಉತ್ತರ: ಮೊದಲು ಬಾಗಿಲುಗಳನ್ನು ಹಂಚಿಕೊಡಿ. ಗಾಬರಿಯಾದ ಜನ ತಾವು ಬಂದ ಬಾಗಿಲಿಗೇ ಓಡುತ್ತಾರೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ 100 ಜನ ಸತ್ತರು. ಬೇರೆ ಬಾಗಿಲುಗಳಿದ್ದರೂ ಮುಂಬಾಗಿಲಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿಹೋಗಿತ್ತು. ಆದ್ದರಿಂದ ಒಂದೊಂದು ಬಾಗಿಲಿಗೆ ಒಬ್ಬೊಬ್ಬ ಕಾಯಂ ನೌಕರ. ಅವನು ಬಾಗಿಲು ತೆರೆದು, ಅಲ್ಲೇ ನಿಂತು, ಕೈಬೀಸಿ ಜನರನ್ನು ಕರೆಯಬೇಕು.

ಕಳ್ಳತನದ ಭಯಕ್ಕೆ ಹಿಂಬಾಗಿಲಿಗೆ ಬೀಗ ಹಾಕುವ ಅಭ್ಯಾಸ ಬಿಡಿ, ಅಲ್ಲಿ ಕಾವಲಿಗೆ ಆಳು ಕೂರಿಸಿ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತಿದ್ದು ಹೊಗೆಯಿಂದ. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ದಾರಿ ಮುಚ್ಚಿದ್ದರು, ಹೊರಗೆ ಹೋಗಿ ಎಂದು ಮೈಕಿನಲ್ಲಿ ಯಾರೂ ಹೇಳಲಿಲ್ಲ. ನಿಮ್ಮ ಮಹಡಿಯ ಊಟದ ಹಾಲ್‌ಗೂ ಹೊಗೆ ಅದೇ ರೀತಿ ಮೇಲೇರುತ್ತದೆ. ಹಾಗಾಗಿ ಅಡುಗೆಮನೆಯಲ್ಲಿ ಬೆಂಕಿ ಕಂಡರೆ ಮೊದಲು ಖಾಲಿಯಾಗಬೇಕಾದದ್ದು ಮಹಡಿ.

ಡೆಕೊರೇಷನ್‌ನವರ ಕೆಲಸ ಮುಗಿದ ಮೇಲೆ, ಅತಿಥಿಗಳು ಬರುವ ಮುಂಚೆ, ಪ್ರತಿ ಬಾಗಿಲನ್ನೂ ಕೈಯಿಂದ ತೆರೆದು ನೋಡಿ. ಚಿಲಕದ ಮೇಲೇ ಬಟ್ಟೆ ಎಳೆದು ಮೊಳೆ ಹೊಡೆದಿರುತ್ತಾರೆ. ದೂರದಿಂದ ನೋಡಿದರೆ ಅಲ್ಲಿ ಬಾಗಿಲಿದೆ ಅಂತಲೇ ಗೊತ್ತಾಗುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಜೋಡಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳನ್ನು ಅಂದೇ ತೆಗೆಸಿ.

ಬಡಿಸುವವರಿಗೆ ಭಾಷಣ ಬೇಡ. ಮೊದಲ ಪಂಕ್ತಿಗೆ ಮುಂಚೆ 10 ನಿಮಿಷ ಕರೆದುಕೊಂಡು ಎರಡೂ ಮೆಟ್ಟಿಲಿಳಿದು ಹೊರಗೆ ಸೇರುವ ಜಾಗದ ತನಕ ನಡೆಸಿ. ಅವರ ಕೆಲಸ ಒಂದೇ: ತಮ್ಮ ಸಾಲಿನವರನ್ನು ಏಳಿಸಿ ಹತ್ತಿರದ ಮೆಟ್ಟಿಲಿಗೆ ಕಳಿಸುವುದು. ಎಲೆ ಮುಂದೆ ಕೂತವರು ತಾವಾಗಿ ಏಳುವುದಿಲ್ಲ, ಹೊಗೆ ಕಂಡರೂ ಪಕ್ಕದವರ ಮುಖ ನೋಡುತ್ತಾರೆ.

ಓಲಗ, ಆರ್ಕೆಸ್ಟ್ರಾ ತಕ್ಷಣ ನಿಲ್ಲಬೇಕು. ಮೈಕಿನಲ್ಲಿ ಗುಟ್ಟಿನ ಮಾತು ಬೇಡ, ನೇರವಾಗಿ ಹೇಳಿ: “ಅಡುಗೆಮನೆಯಲ್ಲಿ ಬೆಂಕಿ ಬಿದ್ದಿದೆ. ಎಲ್ಲರೂ ಈಗಲೇ ಹೊರಡಿ. ವೇದಿಕೆಯ ಎಡಗಡೆ ಕೂತವರು ಎಡಬಾಗಿಲಿಂದ, ಬಲಗಡೆಯವರು ಬಲಬಾಗಿಲಿಂದ.” ಇದನ್ನು ಬರೆದು ಮೈಕಿನ ಪಕ್ಕ ಅಂಟಿಸಿ.

ಹೀಗೆ ಹೇಳಲು ಮಾಲೀಕರ ಅಪ್ಪಣೆಗೆ ಕಾಯಬಾರದು. ಇದೇ ತರಬೇತಿಯ ಜೀವಾಳ. 1977ರಲ್ಲಿ ಅಮೆರಿಕದ ಕೆಂಟಕಿಯ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್‌ಗೆ ಬೆಂಕಿ ಬಿದ್ದು 165 ಜನ ಸತ್ತರು. ಅಲ್ಲಿ ಎಂಜಲು ತಟ್ಟೆ ಎತ್ತುವ 18 ವರ್ಷದ ಹುಡುಗನೊಬ್ಬ ಯಾರನ್ನೂ ಕಾಯದೆ ವೇದಿಕೆ ಹತ್ತಿ ಮೈಕ್ ಹಿಡಿದು ಬಾಗಿಲುಗಳನ್ನು ತೋರಿಸಿದ. ಅದರಿಂದ ನೂರಾರು ಜನ ಬದುಕಿದರು.

ಅಡುಗೆಯವರಿಗೆ ಬೇರೆ ಪಾಠ: ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಬಾರದು, ಉರಿಯುವ ಎಣ್ಣೆ ಸಿಡಿದು ಹರಡುತ್ತದೆ. ಒಲೆ ಆರಿಸಿ, ಬಾಣಲೆ ಮುಚ್ಚಿ. ಕೈಗೆಟುಕಿದರೆ ಗ್ಯಾಸ್ ಸಿಲಿಂಡರ್ ವಾಲ್ವ್ ತಿರುಗಿಸಿ ಮುಚ್ಚಿ. ಕೈಯಲ್ಲಿ ಹಿಡಿದು ಬೆಂಕಿ ಆರಿಸುವ ಪುಡಿ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ. ಅದು ಖಾಲಿಯಾದರೂ ಬೆಂಕಿ ಆರದಿದ್ದರೆ ಬಿಟ್ಟು ಹೊರಡಬೇಕು.

ಕಾವಲುಗಾರ 101 ಅಥವಾ 112ಕ್ಕೆ ಕರೆ ಮಾಡಿ, ಗೇಟಿನ ಮುಂದಿನ ಕಾರುಗಳನ್ನು ತೆಗೆಸಬೇಕು. ಜನ ಗೇಟಿನಿಂದ ದೂರ ಸೇರಲಿ, ಇಲ್ಲದಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರಲಾರದು. ಶೌಚಾಲಯ, ವಧು-ವರರ ಕೋಣೆಗಳನ್ನು ನೋಡಲು ಇಬ್ಬರಿಗೆ ಮೊದಲೇ ಹೇಳಿಡಿ. ಹೊಗೆ ಅಲ್ಲಿಗೆ ತಲುಪಿದ್ದರೆ ಅವರು ಒಳಗೆ ಹೋಗಬಾರದು.

ಮದುವೆಯಿಲ್ಲದ ದಿನ ಹಾಲ್‌ನ ದೀಪ ಆರಿಸಿ, ಆರೂ ಜನ ತಮ್ಮ ತಮ್ಮ ಬಾಗಿಲಿನ ಚಿಲಕ ಹುಡುಕಿ ತೆಗೆಯಲಿ. ಯಾರಾದರೂ ತಡಕಾಡಿದರೆ ಅವರನ್ನು ಬೈಯಬೇಡಿ, ಚಿಲಕ ಬದಲಾಯಿಸಿ.