ಲಾಂಗ್ ಡಬಲ್ ಒಂದೊಂದು ಕಂಪೈಲರ್‌ನಲ್ಲಿ ಒಂದೊಂದು ಥರ ಯಾಕೆ?

ಒಂದೇ ಸಿ ಕೋಡ್, ಲಿನಕ್ಸ್‌ನಲ್ಲಿ ಒಂದು ಉತ್ತರ, ವಿಂಡೋಸ್‌ನಲ್ಲಿ ಇನ್ನೊಂದು ಅಂತ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ. ಡಬಲ್ ಅಂದರೆ ದಶಮಾಂಶ ಸಂಖ್ಯೆ ಇಡುವ ಸಿ ಭಾಷೆಯ ವಿಧ, ಲಾಂಗ್ ಡಬಲ್ ಅದರ ದೊಡ್ಡಣ್ಣ. ಅದು ಕನಿಷ್ಠ ಡಬಲ್‌ನಷ್ಟಾದರೂ ಇರಬೇಕು ಅಂತ ಮಾತ್ರ ಸಿ ಸ್ಟ್ಯಾಂಡರ್ಡ್ ಹೇಳುತ್ತದೆ. ಎಷ್ಟು ಜಾಸ್ತಿ ಅನ್ನೋದು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಬಿಟ್ಟದ್ದು.

ಇಂಟೆಲ್ ಥರದ ಚಿಪ್‌ನ 64 ಬಿಟ್ ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ 80 ಬಿಟ್‌ನ ಎಕ್ಸ್87 (ಇಂಟೆಲ್‌ನ ಹಳೆಯ ಲೆಕ್ಕದ ಘಟಕ) ರೂಪ ಬಳಸುತ್ತದೆ. ಗಾತ್ರ ಹೇಳುವ ಸೈಜ್ಆಫ್ 16 ಬೈಟ್ ತೋರಿಸುತ್ತದೆ, ಅದರಲ್ಲಿ 6 ಬೈಟ್ ಸುಮ್ನೆ ಖಾಲಿ! ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಅದು ಹೆಸರಿಗಷ್ಟೇ ಲಾಂಗ್, ಒಳಗೆ ಅದೇ 64 ಬಿಟ್ ಡಬಲ್. ಆರ್ಮ್ 64 ಚಿಪ್‌ನ ಲಿನಕ್ಸ್‌ನಲ್ಲಿ 128 ಬಿಟ್, ಆದರೆ ಲೆಕ್ಕವೆಲ್ಲ ಸಾಫ್ಟ್‌ವೇರ್‌ನಲ್ಲಿ, ಹಾಗಾಗಿ ನಿಧಾನ.

9007199254740993 ಹಾಕಿ ನೋಡಿ. ಡಬಲ್‌ನ 64 ಬಿಟ್‌ನಲ್ಲಿ ಅಂಕಿಗೆ ಸಿಗುವ 53 ಬಿಟ್‌ಗೆ ಅದು ಹಿಡಿಸಲ್ಲ, ಕೊನೆಯ 3 ಹೋಗಿ 2 ಆಗುತ್ತದೆ. 80 ಬಿಟ್ ರೂಪದಲ್ಲಿ 64 ಬಿಟ್ ಅಂಕಿಗೇ ಮೀಸಲು, ಹಾಗಾಗಿ 3 ಉಳಿಯುತ್ತದೆ.

ನಿಜವಾದ ತಲೆನೋವು ಮಿನ್‌ಜಿಡಬ್ಲ್ಯೂನದು, ಅಂದರೆ ವಿಂಡೋಸ್‌ಗಾಗಿ ಇರುವ ಜಿಸಿಸಿಯದು. ಕಂಪೈಲರ್ 80 ಬಿಟ್ ಕಳಿಸುತ್ತದೆ, ವಿಂಡೋಸ್ ಲೈಬ್ರರಿಯಲ್ಲಿ ಉತ್ತರ ಪರದೆಗೆ ಬರೆಯುವ ಪ್ರಿಂಟ್ಎಫ್ ಅದನ್ನು 64 ಬಿಟ್ ಅಂತ ಓದುತ್ತದೆ. ಲೆಕ್ಕ ಸರಿ, ಪರದೆ ಮೇಲೆ ಕಸ. ಮಿನ್‌ಜಿಡಬ್ಲ್ಯೂನ ಸ್ವಂತ ಪ್ರಿಂಟ್ಎಫ್ ಆನ್ ಮಾಡಿಕೊಳ್ಳಿ.

ಎಲ್ಲ ಕಡೆ ಒಂದೇ ಉತ್ತರ ಬೇಕಾ? ಲಾಂಗ್ ಡಬಲ್ ಬಿಟ್ಟು, ಎಷ್ಟು ಬಿಟ್ ಬೇಕೋ ನೀವೇ ಹೇಳಬಹುದಾದ ಎಂಪಿಎಫ್ಆರ್ ಲೈಬ್ರರಿ ಹಿಡಿಯಿರಿ.