ಎರಡನೇ ವಾರ ಹುಡುಗರು ಯಾಕೆ ಬರುವುದಿಲ್ಲ?

ಪ್ರಶ್ನೆ: ನಮ್ಮ ಸಂಘ ಭಾನುವಾರ ಉದ್ಯಾನ ಸ್ವಚ್ಛ ಮಾಡುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಹಾಕಿದರೆ ಎಲ್ಲರೂ ಹೆಬ್ಬೆರಳು ತೋರಿಸುತ್ತಾರೆ, ಬರುವವರು ನಾಲ್ಕೈದು ಮಂದಿ. ಅವರೂ ಮರುವಾರ ನಾಪತ್ತೆ. ಈಗಿನ ಹುಡುಗರಿಗೆ ಸೇವಾ ಮನೋಭಾವವೇ ಇಲ್ಲವೇ?

ಉತ್ತರ: ಮನೋಭಾವವನ್ನು ದೂರುವ ಮೊದಲು ನೀವು ಹಾಕಿದ ಸಂದೇಶವನ್ನು ಓದಿ ನೋಡಿ. ‘ಯುವಕರೆಲ್ಲ ಬಂದು ಕೈಜೋಡಿಸಿ’ ಎಂದಿದ್ದರೆ ನೀವು ಯಾರನ್ನೂ ಕರೆದಿಲ್ಲ. ಡಾರ್ಲಿ ಮತ್ತು ಲತಾನೆ ಎಂಬ ಮನೋವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ಸದ್ದು. ಅದನ್ನು ತಾನೊಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ ಶೇ 85 ಮಂದಿ ಆ ಸದ್ದು ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇ 31 ಮಾತ್ರ. ಗುಂಪಿನ ಸಂದೇಶಕ್ಕೂ ಇದೇ ಗತಿ: ‘ಬೇರೆಯವರು ಹೋಗುತ್ತಾರೆ ಬಿಡು.’

ಆದ್ದರಿಂದ ಹೆಸರು ಹಿಡಿದು, ಒಬ್ಬೊಬ್ಬರಿಗೇ ಫೋನ್ ಮಾಡಿ. ಕೆಲಸ, ಜಾಗ, ಶುರು ಮತ್ತು ಮುಗಿಯುವ ಹೊತ್ತು ನಾಲ್ಕನ್ನೂ ಹೇಳಿ: ‘ಬೆಳಿಗ್ಗೆ 7ರಿಂದ 9, ಮಕ್ಕಳ ಜಾರುಬಂಡೆಯ ಸುತ್ತ ಪ್ಲಾಸ್ಟಿಕ್ ಆರಿಸುವುದು, ಚೀಲ ತೂಗಿ ಬರೆದುಕೊಳ್ಳುವುದು ನಿನ್ನ ಪಾಲು.’ ಹಿಂದಿನ ಸಂಜೆ ಇನ್ನೊಮ್ಮೆ ನೆನಪಿಸಿ. ಹೂಂ ಅಂದವರೆಲ್ಲ ಬರುವುದಿಲ್ಲ, ಹತ್ತು ಮಂದಿ ಬೇಕಿದ್ದರೆ ಹದಿನೈದು ಮಂದಿಯನ್ನು ಕೇಳಿ. ಗೆಳೆಯರಿಬ್ಬರನ್ನು ಜೊತೆಯಾಗಿ ಕರೆದರೆ ಒಬ್ಬರು ಇನ್ನೊಬ್ಬರನ್ನು ಎಬ್ಬಿಸಿಕೊಂಡು ಬರುತ್ತಾರೆ.

ಬಂದವರು ಮರಳಿ ಬಾರದಿರುವುದಕ್ಕೆ ಕಾರಣ ಹೆಚ್ಚಾಗಿ ಮೊದಲ ದಿನವೇ ಸಿಗುತ್ತದೆ. ಮೂವತ್ತು ಮಂದಿ ಬಂದಿದ್ದಾರೆ, ಪೊರಕೆ ಎಂಟಿವೆ. ಉಳಿದವರು ಕೈಕಟ್ಟಿ ನಿಲ್ಲುತ್ತಾರೆ. ಅಥವಾ ಅಧ್ಯಕ್ಷರ ಭಾಷಣ ಅರ್ಧ ಗಂಟೆ, ಫೋಟೊ ಕಾಲು ಗಂಟೆ, ಗುಡಿಸುವುದು ಇಪ್ಪತ್ತು ನಿಮಿಷ. (ಬ್ಯಾನರ್‌ಗೆ ಹಾಕುವ ದುಡ್ಡಿನಲ್ಲಿ ಕೈಗವಸು ಕೊಳ್ಳಿ.) ತಲೆಗೊಂದು ಜೊತೆ ಗವಸು, ಹರಿದುಹೋದರೆ ಇರಲೆಂದು ಐದಾರು ಜೊತೆ ಹೆಚ್ಚಿಗೆ, ಇಬ್ಬರಿಗೊಂದು ಚೀಲ, ಒಬ್ಬರು ಹಿಡಿಯಲು, ಒಬ್ಬರು ತುಂಬಲು. ನಾಲ್ಕೈದು ಹೊಸಬರಿಗೆ ಒಬ್ಬ ಹಳಬ. ಗಾಜಿನ ಚೂರನ್ನು ಚೀಲಕ್ಕೆ ಹಾಕಿದರೆ ಎತ್ತುವವನ ಕಾಲು ಸೀಳುತ್ತದೆ, ಅದಕ್ಕೆ ಬಕೆಟ್ ಬೇರೆ ಇರಲಿ. ಸಿರಿಂಜು ಕಂಡರೆ ಹುಡುಗರು ಮುಟ್ಟದೆ ಹಿರಿಯರನ್ನು ಕರೆಯಬೇಕು. ಒಂಬತ್ತು ಅಂದಿದ್ದರೆ ಒಂಬತ್ತಕ್ಕೇ ನಿಲ್ಲಿಸಿ, ಅರ್ಧ ಉಳಿದಿದ್ದರೂ.

ಅದೇ ದಿನ ಸಂಜೆ ಎಷ್ಟು ಚೀಲ, ಎಷ್ಟು ಕಿಲೊ ಆಯಿತೆಂದು ತಿಳಿಸಿ. ಎರಡು ಮೂರು ಸಲ ಬಂದವನಿಗೆ ಒಂದು ಹೊಣೆ ಒಪ್ಪಿಸಿ: ಸಾಮಾನಿನ ಕೋಣೆಯ ಬೀಗದ ಕೈಯೋ, ಮುಂದಿನ ವಾರ ಯಾವ ಮೂಲೆ ಎಂಬ ತೀರ್ಮಾನವೋ. ಅವನು ತಪ್ಪು ಮೂಲೆ ಆರಿಸಿದರೂ ತಡೆಯಬೇಡಿ. ಬರೀ ಗುಡಿಸುವುದಕ್ಕೆ ಬೇಕಾದವನು ಬೇಗ ಬೇಸರಗೊಳ್ಳುತ್ತಾನೆ.

ಪ್ರಶ್ನೆ: ಪ್ರಮಾಣಪತ್ರ ಕೊಡುತ್ತೇವೆಂದರೆ ಹೆಚ್ಚು ಮಂದಿ ಬರುತ್ತಾರಲ್ಲ?

ಉತ್ತರ: ಬರುತ್ತಾರೆ, ಪತ್ರ ಕೈಸೇರುವ ತನಕ. ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳಿಗೆ ‘ಬಿಡಿಸಿದರೆ ಪ್ರಮಾಣಪತ್ರ’ ಎಂದು ಆಸೆ ತೋರಿಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಆಮೇಲೆ ಬಿಡುವಿನಲ್ಲಿ ಚಿತ್ರಕ್ಕೆ ಕೊಟ್ಟ ಹೊತ್ತು, ಪತ್ರದ ಮಾತೇ ಕೇಳದ ಮಕ್ಕಳಿಗಿಂತ ಸುಮಾರು ಅರ್ಧಕ್ಕಿಳಿದಿತ್ತು. ಹೇಳದೆ ಕೊಟ್ಟ ಪತ್ರದಿಂದ ಈ ಹಾನಿ ಆಗಲಿಲ್ಲ. ಹಾಗಾಗಿ ಮುಂಚೆ ಸಾರಬೇಡಿ, ಕೇಳಿದವರಿಗೆ ಇಲ್ಲವೆನ್ನಲೂ ಬೇಡಿ. ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ ಬರೆದಿಟ್ಟರೆ ಪತ್ರದಲ್ಲಿ ‘ಉತ್ತಮ ಸೇವೆ’ ಎಂಬ ಪೊಳ್ಳು ಮಾತಿನ ಬದಲು ನಿಜವಾದ ಗಂಟೆಗಳನ್ನೇ ನಮೂದಿಸಬಹುದು.

ಪ್ರಶ್ನೆ: ಮಗಳಿಗೆ ಹದಿನೈದು. ಚಿಕ್ಕ ಮಕ್ಕಳಿಗೆ ಓದಿಸಲು ಹೋಗುತ್ತೇನೆ ಎನ್ನುತ್ತಾಳೆ. ಕಳಿಸಲೇ?

ಉತ್ತರ: ಮೊದಲ ದಿನ ನೀವೂ ಹೋಗಿ ನೋಡಿ. ಸಂಸ್ಥೆಯವರು ನಿಮ್ಮಿಂದ ಲಿಖಿತ ಒಪ್ಪಿಗೆ ಮತ್ತು ತುರ್ತು ಫೋನ್ ನಂಬರ್ ಕೇಳಬೇಕು. ಕೇಳದಿದ್ದರೆ ಅದೇ ಕೆಟ್ಟ ಸೂಚನೆ. ಕೋಣೆಯಲ್ಲಿ ಸದಾ ಇಬ್ಬರು ದೊಡ್ಡವರಿರಬೇಕು. ಬಾಗಿಲು ಹಾಕಿದ ಕೋಣೆಯಲ್ಲಿ ಅವಳು ಒಂದು ಮಗುವಿನೊಂದಿಗೆ ಒಂಟಿಯಾಗಿ ಕೂರಬಾರದು, ದೇಣಿಗೆ ಹಣ ಮುಟ್ಟಬಾರದು, ಮಕ್ಕಳ ಫೋಟೊ ಹಾಕಬಾರದು. ಪರೀಕ್ಷೆಯ ತಿಂಗಳು ಬರುವುದಿಲ್ಲವೆಂದು ಈಗಲೇ ಹೇಳಿಬಿಡಲಿ. ಹೇಳದೆ ತಪ್ಪಿಸಿದರೆ ಅವಳಿಗಾಗಿ ಕಾದು ಕೂರುವುದು ಆ ಮಕ್ಕಳು.